ಕಡಲಿನ ಹರಿವಿಗೂ ಲೆಕ್ಕವುಂಟು

ಚಚಡಿಯಿಂದ ಕಡಲು ದೂರ. ನಡುವೆ ಸಹ್ಯಾದ್ರಿಯೇ ಅಡ್ಡ. ಆದರೆ ಹರಿವಿಗೆ ಕೈಹಚ್ಚಿದರೆ ಏನಾಗುವುದೆಂಬುದನ್ನು ಸವದತ್ತಿ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ನವಿಲುತೀರ್ಥದಲ್ಲಿ ತಡೆದಾಗ ಕಾಲುವೆಗೆ ನೀರು ಬಂದಿತು, ಊರುಗಳೂ ಮುಳುಗಿದವು. ಆದುದರಿಂದ ಸಾಗರ ಪ್ರವಾಹದಿಂದ ವಿದ್ಯುತ್ತನ್ನು ಪಡೆಯುವ ಯಂತ್ರಗಳು ಸರ್ವಥಾ ನಿರ್ದೋಷವೆಂಬ ಪ್ರಚಾರವನ್ನು ಇಲ್ಲಿಯ ಜನ ಕಣ್ಣುಮುಚ್ಚಿ ನಂಬಬೇಕಾಗಿಲ್ಲ.

ಈ ಯಂತ್ರವೆಂದರೆ ನೀರಿನೊಳಗಿನ ಗಾಳಿಯಂತ್ರ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ ಗಾಳಿಗಿಂತ ಎಷ್ಟೋ ನಿಧಾನವಾದ ಹರಿವೂ ರೆಕ್ಕೆಗಳನ್ನು ತಿರುಗಿಸಬಲ್ಲದು. ಹೊಗೆಯಿಲ್ಲ, ಬೂದಿಯಿಲ್ಲ, ನಿಜ. ಆದರೆ ಮೀನಿನ ಮರಿಗಳನ್ನೂ ಅವುಗಳ ಆಹಾರವನ್ನೂ ಮರಳನ್ನೂ ಹೊತ್ತೊಯ್ಯುವುದು ಇದೇ ಹರಿವು. ಅದರ ಬಲವನ್ನು ಬಹಳವಾಗಿ ಕಸಿದರೆ ಆ ಹೊರೆ ಇಳಿಯುವ ತಾಣವೇ ಬದಲಾಗುತ್ತದೆ.

ಫ್ರಾನ್ಸಿನ ರಾನ್ಸ್ ಅಳಿವೆಗೆ ಅಡ್ಡಲಾಗಿ ಕಟ್ಟಿದ 240 ಮೆಗಾವ್ಯಾಟಿನ ಉಬ್ಬರವಿಳಿತ ಸ್ಥಾವರ 1966ರಲ್ಲಿ ಉದ್ಘಾಟನೆಗೊಂಡಿತು. ನಿರ್ಮಾಣಕ್ಕೆಂದು ಸುಮಾರು ಮೂರು ವರ್ಷ ಕಡಲನ್ನು ಹೊರಗಿಟ್ಟಾಗ ಅಳಿವೆಯ ಕಡಲಜೀವಿಗಳು ಬಹುತೇಕ ನಾಶವಾದವು; ಜೀವಜಾಲ ಮತ್ತೆ ನೆಲೆಗೊಳ್ಳಲು ಸುಮಾರು ಹತ್ತು ವರ್ಷ ಹಿಡಿಯಿತು. ಉತ್ತರ ಐರ್ಲೆಂಡಿನ ಸ್ಟ್ರಾಂಗ್‌ಫರ್ಡ್‌ನಲ್ಲಿ 2008ರಲ್ಲಿ ತೆರೆದ ಹರಿವಿನಲ್ಲಿಯೇ 1.2 ಮೆಗಾವ್ಯಾಟಿನ ಯಂತ್ರವನ್ನಿರಿಸಲಾಯಿತು. ಮೊದಮೊದಲು ಸೀಲ್ ಪ್ರಾಣಿ ಸಮೀಪಿಸಿದರೆ ಯಂತ್ರವನ್ನೇ ನಿಲ್ಲಿಸುತ್ತಿದ್ದರು. ವರ್ಷಗಟ್ಟಲೆ ನಡೆದ ನಿಗಾವಣೆಯಲ್ಲಿ ದೊಡ್ಡ ಹಾನಿ ಕಂಡುಬರಲಿಲ್ಲ. ಒಂದೆಡೆ ಹರಿವನ್ನೇ ಕಟ್ಟಲಾಯಿತು. ಇನ್ನೊಂದೆಡೆ ಹರಿವನ್ನು ಬಿಟ್ಟು, ಜೀವಿಗಳನ್ನು ಕಾಯಲಾಯಿತು. ಪಾಠ ಇರುವುದು ಇಲ್ಲಿಯೇ.

ಕರ್ನಾಟಕಕ್ಕೆ ಪರದೇಶದ ಸಾಕ್ಷ್ಯವೇ ಬೇಕೆಂದಿಲ್ಲ. ಶರಾವತಿಯ ಜಲವಿದ್ಯುದಾಗಾರಗಳಿಂದ ಬೇಸಿಗೆಯಲ್ಲಿಯೂ ಇಳಿದುಬರುವ ಸಿಹಿನೀರು ಹೊನ್ನಾವರದ ಅಳಿವೆಯ ಉಪ್ಪಿನಂಶವನ್ನು ಕುಗ್ಗಿಸಿತು. ಜನ ತಿನ್ನುವ ಚಿಪ್ಪಿಗಳು ಬಹುಮಟ್ಟಿಗೆ ಕಣ್ಮರೆಯಾದವು. ಅಣೆಕಟ್ಟೆಯಿಲ್ಲದ ಅಘನಾಶಿನಿಯ ಅಳಿವೆಯಾದರೋ ಚಿಪ್ಪಿ ಆಯುವ ಸಾವಿರಾರು ಜನರಿಗೆ ಅನ್ನವಿತ್ತಿದೆ. ಘಟ್ಟದ ಮೇಲೆ ಉರಿಯುವ ದೀಪದ ಬೆಲೆಯನ್ನು ಘಟ್ಟದ ಕೆಳಗಿನ ಬಡವರು ತೆತ್ತರು. ಯಾವ ವಿದ್ಯುತ್ ಬಿಲ್ಲಿನಲ್ಲಿ ಆ ಲೆಕ್ಕವಿದೆ?

ಗುಜರಾತಿನ ಕಚ್ ಕೊಲ್ಲಿಯಲ್ಲಿ 2011ರಲ್ಲಿ ಘೋಷಿತವಾದ 50 ಮೆಗಾವ್ಯಾಟಿನ ಉಬ್ಬರವಿಳಿತ ಯೋಜನೆ ಕೈಗೂಡಲಿಲ್ಲ. ಆ ಕೊಲ್ಲಿಯಲ್ಲಿಯೇ ಹವಳದ ದಿಬ್ಬಗಳಿವೆ, ಕಾಂಡ್ಲಾ ವನಗಳಿವೆ. ಇಂತಹ ಯೋಜನೆ ಎಲ್ಲಿ ಮರಳಿ ಬಂದರೂ ಮೂರು ನಿಬಂಧನೆಗಳು ಇರಲೇಬೇಕು: ಯಂತ್ರ ಇಳಿಯುವ ಮುನ್ನವೇ ಎಲ್ಲ ಋತುಗಳ ಜೀವಗಣತಿ; ಮೀನುಗಾರರ ಒಪ್ಪಿಗೆ; ಹಾನಿ ಕಂಡೊಡನೆ ಯಂತ್ರವನ್ನು ನಿಲ್ಲಿಸುವ ಅಧಿಕಾರ. ಇವಕ್ಕೆ ಒಪ್ಪದ ಶಕ್ತಿಯನ್ನು ಸ್ವಚ್ಛವೆಂದು ಕರೆಯುವುದು ಭಾಷೆಗೆ ಮಾಡುವ ಅಪಚಾರ.