ಸೋಲಿನ ಭಾರ ಯಾರ ಹೆಗಲಿಗೆ?



ಮೈದಾನದಲ್ಲಿ ಆಡುವವರು ಕೆಲವೇ ಮಂದಿ. ಆ ಆಟವನ್ನು ತಲೆಯ ಮೇಲೆ ಹೊತ್ತು ತಿರುಗುವವರು ಲಕ್ಷಾಂತರ ಮಂದಿ. ಗೆದ್ದರೆ ಎಲ್ಲರೂ ಪಾಲುದಾರರು. ಸೋತರೆ? ಆ ಸೋಲು ಕೊನೆಗೆ ಎಲ್ಲಿ ಹೋಗಿ ಇಳಿಯುತ್ತದೆ ಎಂದು ನೀವು ಯಾವಾಗಲಾದರೂ ಯೋಚಿಸಿದ್ದೀರಾ? ಮೈದಾನದಿಂದ ಹೊರಟ ಸೋಲು ಎಷ್ಟೋ ಬಾರಿ ಮನೆಯ ಬಾಗಿಲನ್ನೇ ತಟ್ಟುತ್ತದೆ. ಬಾಗಿಲು ತೆರೆಯುವವಳು ಆ ಆಟವನ್ನು ನೋಡಿರುವುದೂ ಇಲ್ಲ.

ಈ ಮಾತನ್ನು ಅರ್ಥಮಾಡಿಕೊಳ್ಳಲು ಈ ತಿಂಗಳು ದೂರದ ಅಮೆರಿಕಕ್ಕೆ ಹೋಗಿ ಬರೋಣ. ಅಲ್ಲಿ ಫುಟ್ಬಾಲ್ ಎಂದರೆ ನಮ್ಮ ಮಕ್ಕಳು ಗದ್ದೆಯಲ್ಲಿ ಕಾಲಿನಿಂದ ಒದ್ದು ಆಡುವ ಆಟವಲ್ಲ. ಎರಡು ತುದಿಯೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಭೇದಿಸಿಕೊಂಡು ಓಡುವ ಆಟ. ತಲೆಗೆ ಹೆಲ್ಮೆಟ್, ಹೆಗಲಿಗೆ ರಕ್ಷಾಕವಚ. ಅಲ್ಲಿನ ವಿಶ್ವವಿದ್ಯಾನಿಲಯಗಳ ತಂಡಗಳಿಗೆ ಇರುವ ಅಭಿಮಾನಿಗಳ ಸಂಖ್ಯೆ ಕಂಡರೆ ಆಶ್ಚರ್ಯವಾಗುತ್ತದೆ. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ 1,07,601 ಮಂದಿ ಕುಳಿತು ನೋಡಬಹುದು. ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ 1,02,780 ಮಂದಿಗೆ ಜಾಗವಿದೆ. ಆಡುವವರು ಮಾತ್ರ ಇಪ್ಪತ್ತರ ಆಸುಪಾಸಿನ ಹುಡುಗರು.

ಮಿಷಿಗನ್ ಮತ್ತು ಒಹಾಯೊ ಅಕ್ಕಪಕ್ಕದ ರಾಜ್ಯಗಳು. ಇವರ ಜಗಳ ಫುಟ್ಬಾಲಿಗಿಂತಲೂ ಹಳೆಯದು. 1835ರಲ್ಲಿ ಟೊಲೆಡೊ ಎಂಬ ಊರಿರುವ ಒಂದು ಪಟ್ಟಿ ಭೂಮಿಗಾಗಿ ಎರಡೂ ಕಡೆಯವರು ಪಡೆ ಕಟ್ಟಿಕೊಂಡು ಗಡಿಗೆ ಹೋಗಿದ್ದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಟೊಲೆಡೊ ಒಹಾಯೊ ಪಾಲಾಯಿತು. ಮಿಷಿಗನ್‌ಗೆ ಉತ್ತರದಲ್ಲಿ ಬೇರೆ ಭೂಭಾಗ ಸಿಕ್ಕಿತು. ಈ ಎರಡು ವಿಶ್ವವಿದ್ಯಾನಿಲಯಗಳ ತಂಡಗಳು ಮೊದಲ ಬಾರಿಗೆ ಎದುರಾದದ್ದು 1897ರಲ್ಲಿ. 1918ರಿಂದ ಪ್ರತಿ ವರ್ಷವೂ ಆಡುತ್ತಾ ಬಂದಿವೆ. ಕೋವಿಡ್ ಕಾರಣದಿಂದ 2020ರಲ್ಲಿ ಮಾತ್ರ ಪಂದ್ಯ ನಡೆಯಲಿಲ್ಲ. ಅವರ ಬಾಯಲ್ಲಿ ಇದಕ್ಕೆ ‘ದಿ ಗೇಮ್’ ಎಂದೇ ಹೆಸರು. ಅಂದರೆ, ಆಟವೆಂದರೆ ಇದೊಂದೇ!

ಈಗ ಈ ಪಂದ್ಯ ಸಾಮಾನ್ಯವಾಗಿ ನವೆಂಬರ್ ಕೊನೆಯ ಶನಿವಾರದಂದು ಬರುತ್ತದೆ. ಅದಕ್ಕೆ ಎರಡು ದಿನ ಮೊದಲು, ಗುರುವಾರ, ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ದೂರದ ಮಕ್ಕಳೂ ಮೊಮ್ಮಕ್ಕಳೂ ಮನೆಗೆ ಬರುವ ದಿನ. ಗಡಿಯ ಊರುಗಳಲ್ಲಿ ಅಣ್ಣ ಮಿಷಿಗನ್ ಕಡೆಯಾದರೆ ತಮ್ಮ ಒಹಾಯೊ ಕಡೆ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. ಒಂದೇ ಊಟದ ಮೇಜಿನಲ್ಲಿ ಎರಡು ಪಕ್ಷ.

ಆ ವಾರ ಒಹಾಯೊದ ಕೊಲಂಬಸ್ ನಗರದ ಕ್ಯಾಂಪಸ್ಸಿನಲ್ಲಿ ಓಡಾಡಿದರೆ ಒಂದು ವಿಚಿತ್ರ ಕಾಣುತ್ತದೆ. ಫಲಕಗಳಲ್ಲಿರುವ ‘ಎಂ’ ಅಕ್ಷರದ ಮೇಲೆಲ್ಲ ಕೆಂಪು ಟೇಪಿನಿಂದ ಗುಣಾಕಾರ ಚಿಹ್ನೆ ಹಾಕಿರುತ್ತಾರೆ. ಎದುರಾಳಿಯ ಹೆಸರಿನ ಮೊದಲ ಅಕ್ಷರವನ್ನೂ ಸಹಿಸಬಾರದಂತೆ. ಇದನ್ನು ತಮಾಷೆ ಎನ್ನಬಹುದು. ಕಾತರದಿಂದ ದಿನ ಎಣಿಸುವುದು, ಗಾಯಗೊಂಡ ಆಟಗಾರ ಸುಧಾರಿಸಿಕೊಂಡನೇ ಎಂದು ವಿಚಾರಿಸುವುದು, ಹಿಮ ಬೀಳುವುದೋ ಇಲ್ಲವೋ ಎಂದು ಆಕಾಶ ನೋಡುವುದು, ಇವೆಲ್ಲ ಅಭಿಮಾನದ ಸಿಹಿ ಸಂಕಟಗಳು. ಕ್ರಿಕೆಟ್ ಪಂದ್ಯದ ಹಿಂದಿನ ರಾತ್ರಿ ನಮ್ಮ ಮನೆಯ ಹುಡುಗರು ಪಡುವ ಸಂಕಟವೂ ಇಂಥದ್ದೇ ಅಲ್ಲವೇ? ಇದರಲ್ಲಿ ಯಾರಿಗೂ ನಷ್ಟವಿಲ್ಲ.

ಆದರೆ ತಮಾಷೆ ಎಲ್ಲಿ ಮುಗಿಯುತ್ತದೆ, ಹುಚ್ಚು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಸುಲಭವಲ್ಲ. ಅದೇ ಕ್ಯಾಂಪಸ್ಸಿನಲ್ಲಿ ಮಿರರ್ ಲೇಕ್ ಎಂಬ ಪುಟ್ಟ ಕೆರೆಯಿದೆ. ಪಂದ್ಯದ ವಾರದಲ್ಲಿ ಒಂದು ರಾತ್ರಿ ವಿದ್ಯಾರ್ಥಿಗಳು ಕೊರೆಯುವ ಚಳಿಯಲ್ಲಿ ಗುಂಪುಗುಂಪಾಗಿ ಆ ಕೆರೆಗೆ ಹಾರುವುದು ವಾಡಿಕೆಯಾಗಿತ್ತು. ತಂಡಕ್ಕೆ ಬೆಂಬಲ ತೋರಿಸುವ ಬಗೆಯಂತೆ! 2015ರ ನವೆಂಬರ್‌ನಲ್ಲಿ ಹಾಗೆ ಹಾರಿದ ಒಬ್ಬ ವಿದ್ಯಾರ್ಥಿ ಜೀವ ಕಳೆದುಕೊಂಡ. ಆ ಬಳಿಕ ವಿಶ್ವವಿದ್ಯಾನಿಲಯ ಈ ವಾಡಿಕೆಗೆ ತೆರೆ ಎಳೆಯಿತು. ಒಬ್ಬ ತಾಯಿಯ ಮಗ ಹೋದ ಮೇಲೆ ಬಂದ ವಿವೇಕವದು. ಆ ವರ್ಷದ ಪಂದ್ಯವನ್ನು ಒಹಾಯೊವೇ ಗೆದ್ದಿತು. ಆ ತಾಯಿಗೆ ಆ ಗೆಲುವಿನಿಂದ ಏನು ಸಿಕ್ಕಿತು?

ಇನ್ನು ಆಸೆಯ ವಿಷಯಕ್ಕೆ ಬರೋಣ. 2021, 2022, 2023, ಮೂರು ವರ್ಷವೂ ಮಿಷಿಗನ್ ಗೆದ್ದಿತ್ತು. 2024ರಲ್ಲಿ ಒಹಾಯೊದವರಿಗೆ ಈ ಸಲ ಗೆಲುವು ನಮ್ಮದೇ ಎಂಬ ಖಾತ್ರಿ. ಕಾರಣವೂ ಇತ್ತು. ಅವರ ತಂಡ ಇಡೀ ದೇಶದಲ್ಲಿ 2ನೇ ಸ್ಥಾನದಲ್ಲಿತ್ತು. ಮಿಷಿಗನ್ ಆ ವರ್ಷ 6 ಪಂದ್ಯ ಗೆದ್ದು 5 ಸೋತು ಸುಸ್ತಾಗಿತ್ತು. ಸಾಲದ್ದಕ್ಕೆ ಪಂದ್ಯ ನಡೆಯುವುದು ಒಹಾಯೊದ ಅಂಗಳದಲ್ಲೇ. ನವೆಂಬರ್ 30ರಂದು ಏನಾಯಿತು? ಮಿಷಿಗನ್ 13–10ರಿಂದ ಗೆದ್ದುಬಿಟ್ಟಿತು. ಗೆದ್ದವರು ಎದುರಾಳಿಯ ಮೈದಾನದ ನಡುವೆ ತಮ್ಮ ಬಾವುಟ ನೆಡಲು ಹೋದರು. ಸೋತವರು ತಡೆಯಲು ನುಗ್ಗಿದರು. ಕೈಕೈ ಮಿಲಾಯಿಸಿದ ಹುಡುಗರನ್ನು ಬಿಡಿಸಲು ಪೊಲೀಸರು ಕಣ್ಣುರಿಯ ಮೆಣಸಿನ ದ್ರಾವಣ ಸಿಂಪಡಿಸಬೇಕಾಯಿತು. ಎರಡೂ ವಿಶ್ವವಿದ್ಯಾನಿಲಯಗಳಿಗೆ ತಲಾ 1 ಲಕ್ಷ ಡಾಲರ್ ದಂಡ ಬಿತ್ತು. ಗೆದ್ದವರಿಗೆ ಗೆಲುವನ್ನು ತಡೆದುಕೊಳ್ಳಲಾಗಲಿಲ್ಲ, ಸೋತವರಿಗೆ ಸೋಲನ್ನು.

ಒಹಾಯೊ ತಂಡದ ಕೋಚ್ ರಯಾನ್ ಡೇ. ಚಿಕ್ಕ ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. 2024ರ ಆ ಪಂದ್ಯಕ್ಕೆ ಮೊದಲು ಅವರೊಂದು ಮಾತು ಹೇಳಿದ್ದರು. ತಂದೆಯ ಸಾವು ಮತ್ತು ಇನ್ನೂ ಕೆಲವನ್ನು ಬಿಟ್ಟರೆ, ಮಿಷಿಗನ್ ವಿರುದ್ಧದ ಸೋಲುಗಳು ತನ್ನ ಬದುಕಿನ ಅತಿ ಕೆಟ್ಟ ಸಂಗತಿಗಳಲ್ಲಿ ಒಂದು ಎಂಬುದು ಆ ಮಾತಿನ ಸಾರಾಂಶ. ಒಂದು ಚೆಂಡಾಟದ ಸೋಲನ್ನು ತಂದೆಯ ಸಾವಿನ ಪಕ್ಕದಲ್ಲಿ ತಂದು ಇಡುವಷ್ಟು ಭಾರವನ್ನು ಅಭಿಮಾನಿಗಳು ಒಬ್ಬ ಮನುಷ್ಯನ ಮೇಲೆ ಹೇರಿದ್ದರು. ಆದರೆ ಮುಂದೆ ಏನಾಯಿತು ನೋಡಿ. ಆ ಸೋಲಿನ 51 ದಿನಗಳ ಬಳಿಕ, 2025ರ ಜನವರಿ 20ರಂದು, ಅದೇ ತಂಡ ಅದೇ ಕೋಚ್‌ನ ಕೈಕೆಳಗೆ ಇಡೀ ದೇಶದ ಚಾಂಪಿಯನ್ ಆಯಿತು. ಲೋಕವೇ ಮುಳುಗಿತೆಂದು ತಲೆಯ ಮೇಲೆ ಕೈಹೊತ್ತು ಕುಳಿತಿದ್ದವರು ಬೀದಿಯಲ್ಲಿ ಕುಣಿದರು. 2025ರ ನವೆಂಬರ್‌ನಲ್ಲಿ ಮಿಷಿಗನ್ ಮೈದಾನದಲ್ಲೇ 27–9ರಿಂದ ಗೆದ್ದು ಹಳೆಯ ಲೆಕ್ಕವನ್ನೂ ಚುಕ್ತಾ ಮಾಡಿದರು. ಸೋಲಾಗಲಿ ಗೆಲುವಾಗಲಿ ಬಹಳ ದಿನ ಒಂದೇ ಮನೆಯಲ್ಲಿ ಉಳಿಯುವ ಅತಿಥಿಯಲ್ಲ.

ಹಾಗಿದ್ದರೆ ಇದರಲ್ಲಿ ನಮಗೇನು ಕೆಲಸ ಎಂದು ನೀವು ಕೇಳಬಹುದು. ಸಹೋದರಿಯರೇ, ಇಲ್ಲಿಂದ ಮುಂದಿನದ್ದು ನಿಮಗೆ ಸಂಬಂಧಿಸಿದ್ದೇ.

ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ವೃತ್ತಿಪರ ಫುಟ್ಬಾಲ್ ಪಂದ್ಯಗಳ ಫಲಿತಾಂಶವನ್ನೂ ಪೊಲೀಸ್ ದಾಖಲೆಗಳನ್ನೂ ಜೊತೆಗಿಟ್ಟು ಪರಿಶೀಲಿಸಿದರು. ಅವರ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಗೆಲ್ಲುತ್ತದೆಂದು ಎಲ್ಲರೂ ನಂಬಿದ್ದ ಊರಿನ ತಂಡ ಅನಿರೀಕ್ಷಿತವಾಗಿ ಸೋತ ದಿನ, ಗಂಡಸರು ತಮ್ಮ ಹೆಂಡತಿ ಅಥವಾ ಸಂಗಾತಿಯ ಮೇಲೆ ಮನೆಯೊಳಗೆ ನಡೆಸುವ ಹಲ್ಲೆ ಶೇ. 10ರಷ್ಟು ಹೆಚ್ಚುತ್ತದೆ ಎಂದು ಅವರು ಕಂಡುಕೊಂಡರು. ಪಂದ್ಯ ಮುಗಿಯುವ ಹೊತ್ತಿನ ಆಸುಪಾಸಿನಲ್ಲೇ ಇದು ನಡೆಯುತ್ತದೆ. ಪಂದ್ಯ ಎಷ್ಟು ಮಹತ್ವದ್ದೋ ಹಲ್ಲೆಯೂ ಅಷ್ಟು ಹೆಚ್ಚು. ಇನ್ನೊಂದು ವಿಷಯವನ್ನು ಗಮನವಿಟ್ಟು ಓದಿ. ಗೆಲ್ಲಲೂಬಹುದು, ಸೋಲಲೂಬಹುದು ಎಂದು ಮೊದಲೇ ಅಂದುಕೊಂಡಿದ್ದ ಪಂದ್ಯ ಸೋತಾಗ ಹೀಗೆ ಗಮನಾರ್ಹವಾಗಿ ಹೆಚ್ಚುವುದಿಲ್ಲ!

ಇದರ ಅರ್ಥವೇನು? ಮನುಷ್ಯನನ್ನು ಕೆಡಿಸುವುದು ಸೋಲಲ್ಲ. ಸೋಲು ತನ್ನ ಬಳಿ ಸುಳಿಯುವುದೇ ಇಲ್ಲ ಎಂಬ ಹಮ್ಮು. ಪಂದ್ಯಕ್ಕೆ ಮೊದಲು ಚಿಂತೆಪಟ್ಟವನು ಸೋತಾಗ ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತಾನೆ. ಗೆಲುವು ತನಗೆ ಸಲ್ಲಬೇಕಾದ ಬಾಕಿ ಎಂದು ನಂಬಿದವನು ಅದನ್ನು ಯಾರಿಂದ ವಸೂಲು ಮಾಡಲಿ ಎಂದು ಸುತ್ತ ನೋಡುತ್ತಾನೆ. ಅವನ ಕೈಗೆ ಸಿಗುವವರು ಎದುರಾಳಿ ತಂಡದವರಲ್ಲ. ತನಗಿಂತ ದುರ್ಬಲರು.

ಮನೆಯಲ್ಲಿ ಮಾತ್ರವಲ್ಲ, ನ್ಯಾಯಪೀಠದಲ್ಲೂ ಹೀಗೇ ನಡೆದಿದೆ ಎಂದರೆ ನಂಬುತ್ತೀರಾ? ಲೂಸಿಯಾನ ರಾಜ್ಯದಲ್ಲಿ ಬಾಲಾಪರಾಧಿಗಳಿಗೆ ಕೊಟ್ಟ ಶಿಕ್ಷೆಗಳನ್ನು ಓಝ್ಕನ್ ಎರೆನ್ ಮತ್ತು ನಾಜಿ ಮೊಜಾನ್ ಎಂಬವರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಅಲ್ಲಿನ ಪ್ರಸಿದ್ಧ ವಿಶ್ವವಿದ್ಯಾನಿಲಯದ ಫುಟ್ಬಾಲ್ ತಂಡ ಅನಿರೀಕ್ಷಿತವಾಗಿ ಸೋತ ವಾರ ನ್ಯಾಯಾಧೀಶರು ಮಕ್ಕಳಿಗೆ ವಿಧಿಸಿದ ಶಿಕ್ಷೆಯ ಅವಧಿ ಹೆಚ್ಚಾಗಿತ್ತು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿದ ನ್ಯಾಯಾಧೀಶರಲ್ಲಿ ಈ ಒಲವು ಇನ್ನೂ ಎದ್ದು ಕಾಣುತ್ತಿತ್ತು. ಹೊರೆ ಬಿದ್ದದ್ದು ಹೆಚ್ಚಾಗಿ ಕಪ್ಪು ವರ್ಣದ ಮಕ್ಕಳ ಮೇಲೆ. ಶನಿವಾರ ಯಾರೋ ಚೆಂಡು ಕೈಚೆಲ್ಲಿದರು, ಸೋಮವಾರ ಇನ್ಯಾರದೋ ಮಗು ಹೆಚ್ಚು ದಿನ ಬಂಧನದಲ್ಲಿ ಉಳಿಯಿತು. ಕಲಿತವರೂ ಇದರಿಂದ ಪಾರಾಗಿಲ್ಲ.

ಮರಗಳನ್ನೂ ಬಿಟ್ಟಿಲ್ಲ. ಅಲಬಾಮಾ ರಾಜ್ಯದಲ್ಲಿ ಅಲಬಾಮಾ ಮತ್ತು ಆಬರ್ನ್ ವಿಶ್ವವಿದ್ಯಾನಿಲಯಗಳ ತಂಡಗಳು ಬದ್ಧ ವೈರಿಗಳು. 2010ರ ನವೆಂಬರ್‌ನಲ್ಲಿ ಆಬರ್ನ್ 28–27ರಿಂದ, ಕೇವಲ ಒಂದು ಅಂಕದಿಂದ, ಗೆದ್ದಿತು. ಆಬರ್ನ್‌ನವರು ಗೆದ್ದಾಗಲೆಲ್ಲ ಒಂದು ಮೂಲೆಯಲ್ಲಿದ್ದ ಎರಡು ಹಳೆಯ ಓಕ್ ಮರಗಳ ಕೆಳಗೆ ಸೇರಿ ಸಂಭ್ರಮಿಸುತ್ತಿದ್ದರು. ಅಲಬಾಮಾದ ಒಬ್ಬ ಅಭಿಮಾನಿ ಆ ಮರಗಳ ಬುಡಕ್ಕೆ ವಿಷ ಸುರಿದ. ಆಮೇಲೆ ರೇಡಿಯೊ ಕಾರ್ಯಕ್ರಮಕ್ಕೆ ಫೋನ್ ಮಾಡಿ ಅದನ್ನು ಹೆಮ್ಮೆಯಿಂದ ಹೇಳಿಕೊಂಡ! ಅವನಿಗೆ ಜೈಲಾಯಿತು. ಮರಗಳನ್ನು ಉಳಿಸಲಾಗಲಿಲ್ಲ. 2013ರಲ್ಲಿ ಕಡಿಯಬೇಕಾಯಿತು. ಮರಕ್ಕೇನು ಗೊತ್ತು ಯಾರು ಗೆದ್ದರು, ಯಾರು ಸೋತರು ಎಂದು?

ಹಾಗೆಂದು ಪೈಪೋಟಿಯೇ ಕೆಟ್ಟದ್ದು ಎಂದು ತೀರ್ಮಾನಿಸುವುದು ಬೇಡ. ಅದೇ ಮಿಷಿಗನ್ ಮತ್ತು ಒಹಾಯೊ ಸ್ಟೇಟ್ ವಿದ್ಯಾರ್ಥಿಗಳು 1982ರಿಂದ ಪಂದ್ಯಕ್ಕೆ ಮೊದಲಿನ ವಾರಗಳಲ್ಲಿ ಇನ್ನೊಂದು ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ. ಯಾವ ಕಡೆಯವರು ಹೆಚ್ಚು ರಕ್ತದಾನ ಮಾಡುತ್ತಾರೆ ಎಂಬ ಸ್ಪರ್ಧೆ! ಅಲ್ಲಿ ಯಾರು ಸೋತರೂ ಯಾರದೋ ಜೀವ ಉಳಿಯುತ್ತದೆ. ಆ ರಕ್ತ ಒಹಾಯೊದವನದ್ದೋ ಮಿಷಿಗನ್‌ನವನದ್ದೋ ಎಂದು ಆಸ್ಪತ್ರೆಯ ಮಂಚದಲ್ಲಿ ಮಲಗಿದವನು ಕೇಳುವುದಿಲ್ಲ.

ಮಿಷಿಗನ್ ರಾಜ್ಯದ್ದೇ ಇನ್ನೊಂದು ಉದಾಹರಣೆ ನಿಮಗೆ ಖುಷಿ ಕೊಡಬಹುದು. ಡಿಯರ್‌ಬಾರ್ನ್ ನಗರದಲ್ಲಿ ಅರಬ್ ಮೂಲದ ಮುಸ್ಲಿಮ್ ಕುಟುಂಬಗಳು ಬಹಳ. ಅಲ್ಲಿನ ಫೋರ್ಡ್‌ಸನ್ ಹೈಸ್ಕೂಲಿನ ಫುಟ್ಬಾಲ್ ಹುಡುಗರಲ್ಲಿ ಹೆಚ್ಚಿನವರು ರಮಝಾನ್ ಉಪವಾಸ ಹಿಡಿಯುವವರು. 2010ರಲ್ಲಿ ರಮಝಾನ್ ಆಗಸ್ಟ್ ತಿಂಗಳಲ್ಲಿ ಬಂದಾಗ ಅವರ ಕೋಚ್ ತರಬೇತಿಯನ್ನೇ ರಾತ್ರಿಗೆ ಬದಲಾಯಿಸಿದರು. ರಾತ್ರಿ 11ರಿಂದ ಬೆಳಗಿನ ಜಾವ 4ರವರೆಗೆ ಅಭ್ಯಾಸ. ಇದೇ ತಂಡದ ಕುರಿತು 2011ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ರಮಝಾನ್‌ನ ಕೊನೆಯ ಹತ್ತು ದಿನಗಳಲ್ಲಿ, ಅದೇ ಊರಿನ ಎದುರಾಳಿ ಶಾಲೆಯ ಜೊತೆಗಿನ ದೊಡ್ಡ ಪಂದ್ಯಕ್ಕೆ ಈ ಹುಡುಗರು ಸಿದ್ಧರಾಗುವ ಕಥೆ ಅದರಲ್ಲಿದೆ. ಆ ಹುಡುಗರಿಗೂ ಆಸೆಯಿತ್ತು, ಆತಂಕವಿತ್ತು. ಜೊತೆಗೆ ಹಸಿವನ್ನೂ ಬಾಯಾರಿಕೆಯನ್ನೂ ತಾಳಿಕೊಳ್ಳುವ ಅಭ್ಯಾಸವೂ ಇತ್ತು. ಬೇಕೆಂದಾಗ ನೀರು ಕುಡಿಯದೆ ಇರಬಲ್ಲವನು ಕೋಪ ಬಂದಾಗ ಕೈ ಎತ್ತದೆ ಇರುವುದನ್ನೂ ಕಲಿಯಬೇಡವೇ?

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಗಂಡಸಿನ ಮೂಡ್ ಕೆಟ್ಟಿದೆ, ಇವತ್ತು ಎದುರು ಮಾತಾಡಬೇಡ, ಮಕ್ಕಳನ್ನು ಒಳಗೆ ಕರೆದುಕೋ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವ ಹಿರಿಯರು ಎಲ್ಲೆಡೆ ಇದ್ದಾರೆ. ಈ ಬುದ್ಧಿವಾದ ಸಲ್ಲಬೇಕಾದವರಿಗೆ ಸಲ್ಲುತ್ತಿಲ್ಲ. ಪಂದ್ಯ ಸೋತದ್ದು ಹಲ್ಲೆಗೆ ಕಾರಣವಲ್ಲ, ನೆಪ. ಅದೇ ಪಂದ್ಯವನ್ನು ನೋಡಿದ ಲಕ್ಷಾಂತರ ಗಂಡಸರು ಟಿ.ವಿ. ಆರಿಸಿ, ಊಟ ಮಾಡಿ ಮಲಗುತ್ತಾರಲ್ಲ! ಸೋತ ತಂಡದ ಋಣ ತೀರಿಸುವ ಹೊಣೆ ಯಾವ ಹೆಂಡತಿಗೂ ಇಲ್ಲ, ಯಾವ ಮಗುವಿಗೂ ಇಲ್ಲ. ಅಂಥ ಮನೆಯಲ್ಲಿ ನಲುಗುತ್ತಿರುವ ಸಹೋದರಿ ಇದನ್ನು ಓದುತ್ತಿದ್ದರೆ, ದಯವಿಟ್ಟು ಅದನ್ನು ಮುಚ್ಚಿಡಬೇಡಿ. ತವರಿನವರಿಗೆ, ನಂಬಿಕೆಯ ಹಿರಿಯರಿಗೆ, ಅಗತ್ಯ ಬಿದ್ದರೆ ಪೊಲೀಸರಿಗೆ ತಿಳಿಸಿ.

ನಾವು ತಾಯಂದಿರು ಮಾಡಬಹುದಾದ ಇನ್ನೊಂದು ಕೆಲಸವಿದೆ. ಮಗ ತಂಡದ ಅಂಗಿ ತೊಟ್ಟು ಪಂದ್ಯಕ್ಕೆ ಮೊದಲು ಮನೆಯಿಡೀ ಕುಣಿಯುತ್ತಿರುವಾಗ, ಅವನ ಸಂಭ್ರಮಕ್ಕೆ ಅಡ್ಡಿ ಬರಬೇಡಿ. ತಿನ್ನಲು ಏನಾದರೂ ಮಾಡಿಕೊಡಿ, ಪಕ್ಕದಲ್ಲಿ ಕುಳಿತು ಆಟದ ನಿಯಮವನ್ನೂ ಕೇಳಿ ತಿಳಿದುಕೊಳ್ಳಿ. ಅವನಿಗೆ ಹೆಮ್ಮೆಯಾಗುತ್ತದೆ. ಆಮೇಲೆ ಮೆಲ್ಲಗೆ ಒಂದು ಪ್ರಶ್ನೆ ಕೇಳಿ: “ಸೋತರೆ ಏನು ಮಾಡುತ್ತೀ ಮಗಾ?” ಸೋಲುವುದೇ ಇಲ್ಲ ಎಂದು ಅವನು ಜಂಬ ಕೊಚ್ಚಿದರೆ ನಕ್ಕು, ಇನ್ನೊಮ್ಮೆ ಕೇಳಿ. ಸೋತ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು. ಉತ್ತರ ಹುಡುಕುವಷ್ಟು ಹೊತ್ತು ಅವನು ಸೋಲಿನ ಪಕ್ಕದಲ್ಲಿ ಕುಳಿತಿರುತ್ತಾನೆ. ನಾಳೆ ಅವನು ಗಂಡನಾದಾಗ, ತಂದೆಯಾದಾಗ, ಆಟಕ್ಕಿಂತ ದೊಡ್ಡ ಸೋಲುಗಳು ಎದುರಾಗುತ್ತವೆ. ಆಗ ಅದರ ಭಾರವನ್ನು ತನ್ನ ಹೆಗಲಲ್ಲೇ ಹೊತ್ತುಕೊಂಡು, ಮನೆಗೆ ಬರಿಗೈಯಲ್ಲಿ ಆದರೂ ಶಾಂತವಾಗಿ ಬರುವುದನ್ನು ಅವನು ಇಂದೇ ಕಲಿಯಲಿ.