ತರಬೇತಿಗೆ ಹೋದವರು, ಕಾಯುತ್ತ ಉಳಿದವರು

ಸೇನಾ ನೇಮಕಾತಿ ರ್ಯಾಲಿ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಚಿತ್ರ ತಪ್ಪದೆ ಪ್ರಕಟವಾಗುತ್ತದೆ. ನಸುಕಿನಲ್ಲಿ 1,600 ಮೀಟರ್ ಓಟ ಓಡುತ್ತಿರುವ ಯುವಕರ ಚಿತ್ರ ಅದು. ಕೆಲವು ತಿಂಗಳುಗಳ ನಂತರ ನಿರ್ಗಮನ ಪಥಸಂಚಲನದ ಚಿತ್ರ ಬರುತ್ತದೆ. ಇವೆರಡರ ನಡುವಿನ ಅವಧಿಯ ಬಗ್ಗೆ ನಾವು ಓದುವುದು ಕಡಿಮೆ. ಆ ತಿಂಗಳುಗಳಲ್ಲಿ ಊರಲ್ಲಿ ಉಳಿದವಳ ಬಗ್ಗೆಯಂತೂ ಓದಿದ ನೆನಪೇ ನನಗಿಲ್ಲ.

ಬೆಳಗಾವಿ ಜಿಲ್ಲೆಯ ಅನೇಕ ಹಳ್ಳಿಗಳಲ್ಲಿ ಸೈನ್ಯ ಸೇರುವುದು ಮನೆತನದ ರೂಢಿ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ ಬೆಳಗಾವಿಯಲ್ಲೇ ಇದೆ. ಕೊಡಗಿನ ಮಾತನ್ನು ಬೇರೆ ಹೇಳಬೇಕಾಗಿಲ್ಲ. ಹೀಗಿದ್ದೂ ತರಬೇತಿ ಕಾಲದ ಅಗಲಿಕೆಯನ್ನು ನಾವು ಖಾಸಗಿ ಅಳಲೆಂದು ಪರಿಗಣಿಸಿ ಸುಮ್ಮನಾಗಿದ್ದೇವೆ. ಅದು ಅಷ್ಟಕ್ಕೇ ಸೀಮಿತವಾದ ವಿಷಯವಲ್ಲ ಎಂಬುದು ನನ್ನ ಅಭಿಪ್ರಾಯ.

ತರಬೇತಿ ಕೇಂದ್ರಗಳ ಕಟ್ಟುನಿಟ್ಟನ್ನು ನಾನು ಪ್ರಶ್ನಿಸುತ್ತಿಲ್ಲ. ಬೆಳಕು ಹರಿಯುವ ಮುನ್ನ ಎದ್ದು ವ್ಯಾಯಾಮ, ಕವಾಯತು, ಶಸ್ತ್ರಾಭ್ಯಾಸ, ಪಾಠ ಎಂದು ದಿನವಿಡೀ ದುಡಿಸುವುದರ ಹಿಂದೆ ಸ್ಪಷ್ಟ ಉದ್ದೇಶವಿದೆ. ಊರು, ಜಾತಿ, ಭಾಷೆ ಬೇರೆಬೇರೆಯಾದ ಹುಡುಗರು ಪರಸ್ಪರರನ್ನು ನಂಬಿ ಬದುಕುವುದನ್ನು ಅಲ್ಲಿ ಕಲಿಯಬೇಕು. ಅದಕ್ಕಾಗಿ ಮನೆಯ ಸಂಪರ್ಕವನ್ನು ಮಿತಿಗೊಳಿಸುತ್ತಾರೆ. ಆದರೆ ಈ ಅಗಲಿಕೆ ಇಬ್ಬರಿಗೂ ಒಂದೇ ಬಗೆಯದಲ್ಲ. ಅವನಿಗೆ ಯೋಚಿಸಲು ಪುರಸೊತ್ತಿಲ್ಲ. ಹಾಸಿಗೆಗೆ ಬೆನ್ನು ತಾಗಿದೊಡನೆ ನಿದ್ದೆ. ಅವಳಿಗೆ ಯೋಚನೆಯನ್ನು ತಡೆಯುವವರೇ ಇಲ್ಲ. ಈ ವ್ಯತ್ಯಾಸವನ್ನು ಅರಿಯದೆ ಇದ್ದುದರಿಂದಲೇ ಎಷ್ಟೋ ಸಂಬಂಧಗಳಲ್ಲಿ ಕಹಿ ಹುಟ್ಟಿದೆ.

ನನ್ನ ಯಜಮಾನರು 1984ರಲ್ಲಿ ಸೈನ್ಯಕ್ಕೆ ಸೇರಿದಾಗ ನಮ್ಮ ಮದುವೆ ನಿಶ್ಚಯವಾಗಿತ್ತಷ್ಟೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ದೂರವಾಣಿ ಇದ್ದುದು ಒಂದೇ ಮನೆಯಲ್ಲಿ. ಇನ್‌ಲ್ಯಾಂಡ್ ಪತ್ರವೇ ಆಧಾರ. ಅದು ಹೋಗಿ ಉತ್ತರ ಬರಲು ಎರಡು ವಾರ ಹಿಡಿಯುತ್ತಿತ್ತು. ತರಬೇತಿ ಮುಗಿದ ಮೇಲೆ ವಿಳಾಸ ‘56 ಎ.ಪಿ.ಒ.’ ಎಂದು ಬದಲಾಯಿತು; ಅವರು ಎಲ್ಲಿದ್ದಾರೆಂಬುದನ್ನು ಆ ವಿಳಾಸ ತಿಳಿಸುತ್ತಿರಲಿಲ್ಲ. ಆದರೂ ಅಂದಿನ ಕಾಯುವಿಕೆಗೆ ಒಂದು ಲೆಕ್ಕವಿತ್ತು. ಅಂಚೆಯಣ್ಣ ಓಣಿ ದಾಟಿ ಹೋದರೆ ಆ ದಿನದ ನಿರೀಕ್ಷೆ ಅಲ್ಲಿಗೆ ಮುಗಿಯುತ್ತಿತ್ತು.

ಇಂದು ಹಾಗಿಲ್ಲ. ನನ್ನ ತಂಗಿಯ ಮಗಳು ಧಾರವಾಡದಲ್ಲಿ ಬಿ.ಇಡಿ. ಓದುತ್ತಿದ್ದಾಳೆ. ಅವಳನ್ನು ಮದುವೆಯಾಗಬೇಕಾದ ಹುಡುಗ ಅಗ್ನಿವೀರನಾಗಿ ಹೊರರಾಜ್ಯದಲ್ಲಿ ತರಬೇತಿ ಪಡೆಯುತ್ತಿದ್ದಾನೆ. ಹೋಗುವ ಹಿಂದಿನ ದಿನದವರೆಗೂ ತಾಸಿಗೊಮ್ಮೆ ಸಂದೇಶ ಬರುತ್ತಿದ್ದ ಮೊಬೈಲು ಒಮ್ಮೆಲೇ ಮೌನವಾಯಿತು. ‘ದೊಡ್ಡವ್ವಾ, ಈ ಭಾನುವಾರನೂ ಫೋನ್ ಬರಲಿಲ್ಲ. ನನ್ನ ಮರ್ತಾರೇನು?’ ಎಂದು ಅವಳು ಕೇಳಿದಾಗ, ಕೈಯಲ್ಲೇ ಇರುವ ಯಂತ್ರದ ಮೌನ ಅಂಚೆಯ ವಿಳಂಬಕ್ಕಿಂತ ಎಷ್ಟು ಭಾರವಾದುದೆಂದು ನನಗೆ ತಿಳಿಯಿತು. ಅಂಚೆಯ ವಿಳಂಬಕ್ಕೆ ದೂರ ಕಾರಣವಾಗಿತ್ತು. ಮೊಬೈಲಿನ ಮೌನಕ್ಕೆ ಮನಸ್ಸು ಮನುಷ್ಯನನ್ನೇ ಕಾರಣವಾಗಿಸುತ್ತದೆ.

ಇಲ್ಲಿ ಇನ್ನೊಂದು ತೊಡಕೂ ಇದೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಡಿ ಸೇರುವವರು ಅವಿವಾಹಿತರಾಗಿರಬೇಕು. ನಾಲ್ಕು ವರ್ಷಗಳ ಸೇವಾವಧಿಯಲ್ಲಿ ಮದುವೆಯಾಗುವಂತಿಲ್ಲ. ನಿಯಮಕ್ಕೆ ಆಡಳಿತದ ಕಾರಣಗಳಿರಬಹುದು. ಆದರೆ ಅದರ ಪರಿಣಾಮವಾಗಿ, ಕಾಯುತ್ತಿರುವ ಹುಡುಗಿಗೆ ಯಾವ ಸ್ಥಾನವೂ ಇಲ್ಲದಂತಾಗಿದೆ. ಅವಳು ಹೆಂಡತಿಯಲ್ಲ, ಕಾಗದಪತ್ರಗಳಲ್ಲಿ ಹೆಸರಿಲ್ಲ. ಕೇಂದ್ರದಿಂದ ಏನಾದರೂ ಸುದ್ದಿ ಬಂದರೆ ಅದು ತಲುಪುವುದು ಅವನ ತಂದೆತಾಯಿಗಳಿಗೆ. ಅವರು ಹೇಳಿದರೆ ಇವಳಿಗೆ ಗೊತ್ತಾಗಬೇಕು. ಮನೆಯವರಿಗೆ ತಿಳಿಸದೆ ಪ್ರೀತಿಸಿದವಳಾದರೆ ಆ ಸುದ್ದಿಯೂ ಇಲ್ಲ, ಅಳುವ ಅವಕಾಶವೂ ಇಲ್ಲ.

ನಾಲ್ಕು ವರ್ಷಗಳ ನಂತರವೂ ಚಿತ್ರ ನಿಚ್ಚಳವಿಲ್ಲ. ಯೋಜನೆ ಪ್ರಕಟವಾದಾಗ ಹೇಳಿದಂತೆ ಪ್ರತಿ ತಂಡದಲ್ಲಿ ಗರಿಷ್ಠ ಶೇ 25ರಷ್ಟು ಮಂದಿಗೆ ಮಾತ್ರ ಕಾಯಂ ಸೇವೆಯ ಅವಕಾಶ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಂದಿಗೆ ಊರಿಗೆ ಮರಳಬೇಕು. ಹೀಗಾಗಿ ಇಪ್ಪತ್ತರ ಆಸುಪಾಸಿನ ಹುಡುಗಿ ಎದುರಿಸುತ್ತಿರುವುದು ಕೆಲವು ತಿಂಗಳ ವಿರಹವನ್ನಷ್ಟೇ ಅಲ್ಲ, ಇಡೀ ಭವಿಷ್ಯದ ಅನಿಶ್ಚಯವನ್ನು. ಆದ್ದರಿಂದ ಕಾಯುವ ನಿರ್ಧಾರ ಅವಳದೇ ಆಗಿರಬೇಕು. ‘ದೇಶ ಕಾಯುವವನನ್ನು ಬಿಡುವುದುಂಟೇ’ ಎಂದು ಅವಳ ಬಾಯಿ ಕಟ್ಟುವುದು ಎಷ್ಟು ತಪ್ಪೋ, ‘ಇನ್ನೂ ಎಷ್ಟು ದಿನ ಕೂರುತ್ತೀ’ ಎಂದು ಹಂಗಿಸುವುದೂ ಅಷ್ಟೇ ತಪ್ಪು.

ಕಾಯಲು ನಿರ್ಧರಿಸಿದವರಿಗೆ ಅನುಭವದಿಂದ ಎರಡು ಮಾತು ಹೇಳಬಲ್ಲೆ. ಮೊದಲನೆಯದು, ಪತ್ರ ಬರೆಯಿರಿ. ಐದು ನಿಮಿಷದ ಕರೆಯಲ್ಲಿ ಊಟವಾಯಿತೇ, ಹುಷಾರಾಗಿದ್ದೀರಾ ಎನ್ನುವಷ್ಟರಲ್ಲಿ ಸಮಯ ಮುಗಿಯುತ್ತದೆ. ಪತ್ರವನ್ನು ಅವನು ಹತ್ತು ಸಲ ಓದಬಲ್ಲ. ಮಳೆ ಬಂದದ್ದು, ಎಮ್ಮೆ ಈದದ್ದು, ಪರೀಕ್ಷೆಯ ದಿನಾಂಕ ಬದಲಾದದ್ದು ಬರೆದರೂ ಸಾಕು; ಊರು ಇದ್ದಲ್ಲೇ ಇದೆ ಎಂಬ ಭರವಸೆಯೇ ಅವನಿಗೆ ಬೇಕಾದದ್ದು. ಎರಡನೆಯದು, ನಿಮ್ಮ ಓದು, ಕೆಲಸ, ಗೆಳತಿಯರನ್ನು ಬಿಡಬೇಡಿ. ನಮ್ಮ ಯಜಮಾನರು ಮೊದಲ ರಜೆಗೆ ಬಂದಾಗ ಬೇರೆಯೇ ಮನುಷ್ಯರಾಗಿದ್ದರು. ನಾನೂ ಅಷ್ಟರಲ್ಲಿ ಪದವಿ ಮುಗಿಸಿ ಶಾಲೆಯಲ್ಲಿ ಪಾಠ ಹೇಳತೊಡಗಿದ್ದೆ. ಬದಲಾದ ಇಬ್ಬರು ಮತ್ತೆ ಪರಿಚಯ ಮಾಡಿಕೊಳ್ಳುವುದು, ಒಬ್ಬರು ಬೆಳೆದು ಮತ್ತೊಬ್ಬರು ನಿಂತಲ್ಲೇ ನಿಂತಿರುವುದಕ್ಕಿಂತ ಎಷ್ಟೋ ಸುಲಭ.

ಸಂಸ್ಥೆಗಳೂ ಸ್ವಲ್ಪ ಮನಸ್ಸು ಮಾಡಬಹುದು. ಅಮೆರಿಕದ ಮರೀನ್ ಪಡೆಯ 13 ವಾರಗಳ ‘ಬೂಟ್ ಕ್ಯಾಂಪ್’ ಕಠೋರತೆಗೆ ಹೆಸರಾದುದು. ಅಲ್ಲಿಯೂ ಪದವಿ ಪ್ರದಾನದ ಹಿಂದಿನ ದಿನವನ್ನು ಕುಟುಂಬದವರ ಭೇಟಿಗೆಂದೇ ಮೀಸಲಿಡಲಾಗಿದೆ. ನಮ್ಮಲ್ಲಿಯೂ ಕೆಲವು ರೆಜಿಮೆಂಟಲ್ ಕೇಂದ್ರಗಳು ಪ್ರಮಾಣವಚನದ ಸಂದರ್ಭದಲ್ಲಿ ತಂದೆತಾಯಿಗಳಿಗೆ ‘ಗೌರವ ಪದಕ’ ನೀಡುವ ಉತ್ತಮ ಸಂಪ್ರದಾಯವನ್ನು ಪಾಲಿಸುತ್ತಿವೆ. ಇದರ ಜತೆಗೆ ತರಬೇತಿಯ ವೇಳಾಪಟ್ಟಿ, ಕರೆ ಬರಬಹುದಾದ ದಿನ, ಪತ್ರ ಬರೆಯಬೇಕಾದ ವಿಳಾಸ ಇಷ್ಟನ್ನು ಆಯಾ ಕುಟುಂಬದ ಭಾಷೆಯಲ್ಲೇ ಮುದ್ರಿಸಿ ಆರಂಭದಲ್ಲೇ ಕಳುಹಿಸಿದರೆ ಅರ್ಧ ಆತಂಕ ತಗ್ಗುತ್ತದೆ. ತನ್ನ ಸುದ್ದಿ ಯಾರಿಗೆ ತಿಳಿಯಬೇಕೆಂದು ತಂದೆತಾಯಿಗಳಲ್ಲದೆ ಇನ್ನೊಬ್ಬರ ಹೆಸರನ್ನು ಸೂಚಿಸುವ ಅವಕಾಶವನ್ನೂ ಅಭ್ಯರ್ಥಿಗೆ ಕೊಡಬಹುದು. ಮಾಜಿ ಸೈನಿಕರಿಗೂ ಅವರ ಕುಟುಂಬಗಳಿಗೂ ನೆರವಾಗುವ ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳು ಹೊಸದಾಗಿ ಸೇರಿದವರ ಮನೆಯವರನ್ನು ವರ್ಷಕ್ಕೊಮ್ಮೆ ಕರೆದು, ಹಳೆಯ ಸೈನಿಕರ ಪತ್ನಿಯರೊಂದಿಗೆ ಮಾತಾಡಿಸಿದರೆ ಹೆಚ್ಚಿನ ಖರ್ಚೇನೂ ಆಗದು.

ಯುದ್ಧಕಾಲದಲ್ಲಿ ಸೈನಿಕರ ಕುಟುಂಬಗಳನ್ನು ನೆನೆಯುವುದು ನಮಗೆ ಅಭ್ಯಾಸವಾಗಿದೆ. ಆದರೆ ಸೈನಿಕನ ಮನೆಯ ಬದುಕು ಶುರುವಾಗುವುದು ಗಡಿಯಲ್ಲಲ್ಲ, ಅವನು ತರಬೇತಿಗೆ ರೈಲು ಹತ್ತಿದ ದಿನದಿಂದ. ಅಂದಿನಿಂದಲೇ ಅವಳ ಸೇವಾವಧಿಯೂ ಆರಂಭವಾಗುತ್ತದೆ. ಅದಕ್ಕೆ ಪದಕ ಬೇಡ. ಅವಳು ಯಾರೆಂದು ಕೇಳುವವರು, ಕೇಳಿದ ಮೇಲೆ ಉತ್ತರವನ್ನು ಗೌರವಿಸುವವರು ಇದ್ದರೆ ಸಾಕು.