ಖಾಲಿ ತೊಟ್ಟಿಯ ಒಂದು ತಿಂಗಳು

ಚನ್ನರಾಯಪಟ್ಟಣದ ನಮ್ಮ ಬಂಧುಗಳ ಹುಡುಗನೊಬ್ಬ ಎಂಟನೇ ತರಗತಿಯಲ್ಲಿದ್ದಾನೆ. ಒಳ್ಳೆಯ ಅಂಕ ತೆಗೆದರೆ ಅಕ್ವೇರಿಯಂ ಕೊಡಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ಅಂಕ ಬಂತು, ಹಾಸನದಿಂದ ಗಾಜಿನ ತೊಟ್ಟಿಯೂ ಹತ್ತು ಮೀನುಗಳೂ ಬಂದವು. ಅದೇ ಸಂಜೆ ಹೊಸ ನೀರು ತುಂಬಿ ಮೀನು ಬಿಟ್ಟರು. ನಾಲ್ಕನೇ ದಿನ ಎರಡು ಸತ್ತವು. ನೀರು ಕೆಟ್ಟಿತೆಂದು ಪೂರ್ತಿ ಚೆಲ್ಲಿ, ಕಲ್ಲು, ಸ್ಪಂಜು ಎಲ್ಲವನ್ನೂ ಉಜ್ಜಿ ತೊಳೆದರು. ಎರಡು ವಾರದಲ್ಲಿ ಒಂದೂ ಉಳಿಯಲಿಲ್ಲ. ಅಜ್ಜಿ ದೃಷ್ಟಿಯಾಯಿತು ಎಂದರು; ಅಪ್ಪ ಅಂಗಡಿಯವನನ್ನು ಬೈದರು. ಹುಡುಗ ಮಾತ್ರ, ತಾನೇ ಕೊಂದೆನೆಂದು, ಆ ಕೋಣೆಗೆ ಹೋಗುವುದನ್ನೇ ಬಿಟ್ಟ.

ಹೀಗೇ ಮೀನು ಕೊಂದವನು ನಾನೂ ಹೌದು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದೊಡ್ಡ ಮೀನುಗಳನ್ನು ನೋಡಿದ್ದೀರಲ್ಲ? ಅಷ್ಟು ಮೀನು ಒಂದೆಡೆ ಇದ್ದರೂ ನದಿ ಹರಿಯುತ್ತಿರುತ್ತದೆ, ಅವುಗಳ ಕೊಳೆ ಕೊಚ್ಚಿ ಹೋಗುತ್ತದೆ. ತೊಟ್ಟಿಯ ನೀರು ಎಲ್ಲಿಗೆ ಹೋಗಬೇಕು? ಮೀನು ತನ್ನ ಕಿವಿರುಗಳಿಂದ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತು ಇನ್ನಷ್ಟು ಸೇರುತ್ತದೆ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ, ಒಳಗೆ ವಿಷ.

ಈ ವಿಷವನ್ನು ಉಣ್ಣುವ ಬ್ಯಾಕ್ಟೀರಿಯಾಗಳ ಹೆಸರನ್ನು ಪಿಯುಸಿ ವಿದ್ಯಾರ್ಥಿಗಳು ಉರು ಹೊಡೆದಿರುತ್ತಾರೆ. ನೈಟ್ರೊಸೊಮೊನಾಸ್ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ; ನೈಟ್ರೊಬ್ಯಾಕ್ಟರ್ ಅದನ್ನು ನೈಟ್ರೇಟ್ ಮಾಡುತ್ತದೆ. (ಅಕ್ವೇರಿಯಂಗಳಲ್ಲಿ ಈ ಎರಡನೆಯ ಕೆಲಸ ಮಾಡುವುದು ಹೆಚ್ಚಾಗಿ ನೈಟ್ರೊಸ್ಪೈರಾ ಎಂದು 1998ರಲ್ಲಿ ಗೊತ್ತಾಯಿತು. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿದ್ದದ್ದನ್ನೇ ಬರೆಯಿರಿ!) ನೈಟ್ರೈಟ್ ಕೂಡ ಕಡಿಮೆ ಕೇಡಿನದಲ್ಲ. ಅದು ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದು. ಪಂಪಿನಿಂದ ಗುಳ್ಳೆ ಏಳುತ್ತಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ನೈಟ್ರೇಟ್‌ನ ಕಾಟ ಇವೆರಡಕ್ಕಿಂತ ಬಹಳ ಕಡಿಮೆ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು.

ಈ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ನೀರಿನಲ್ಲಿ ತೇಲುವುದಿಲ್ಲ. ಕಲ್ಲು, ಮರಳು, ಸ್ಪಂಜಿಗೆ ಅಂಟಿಕೊಂಡು ನಿಧಾನವಾಗಿ ಬೆಳೆಯುತ್ತವೆ. ನಮ್ಮ ಹುಡುಗನ ಮನೆಯವರು ಉಜ್ಜಿ ತೊಳೆದದ್ದು ಅವುಗಳನ್ನೇ.

ಸಮುದ್ರದ ಮೀನು ಸಾಕುವವರು ಇದಕ್ಕೆ ‘ಲೈವ್ ರಾಕ್’ ಬಳಸುತ್ತಾರೆ. ಅದು ಸತ್ತ ಹವಳದ ರಂಧ್ರಮಯ ಬಂಡೆ. ಮೈತುಂಬ ಜೀವಿಗಳು, ಹೊರಪದರದಲ್ಲಿ ಅಮೋನಿಯಾ ಉಣ್ಣುವವು, ಗಾಳಿ ತಲುಪದ ಒಳಗಡೆ ನೈಟ್ರೇಟನ್ನು ಸಾರಜನಕದ ಅನಿಲವಾಗಿಸುವ ಬೇರೆ ಜಾತಿಯವು. ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬಾತ ಈ ವಿಧಾನದ ಬಗ್ಗೆ 1961ರಲ್ಲಿ ಬರೆದ ಮೇಲೆ ಅದು ಹೊರಗಿನವರಿಗೂ ತಿಳಿಯಿತು. ಹಾಗೆಂದು ಮುರುಡೇಶ್ವರಕ್ಕೆ ಹೋದಾಗ ನೇತ್ರಾಣಿಯ ಕಡೆಯಿಂದ ಹವಳದ ಕಲ್ಲು ತರುವ ಯೋಚನೆ ಬೇಡ. ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಸಿಹಿನೀರಿನ ತೊಟ್ಟಿಗೆ ಅದು ಬೇಕಾಗಿಯೂ ಇಲ್ಲ. ಗೆಳೆಯನ ಮನೆಯಲ್ಲಿ ವರ್ಷಗಟ್ಟಲೆ ನಡೆದ, ರೋಗವಿಲ್ಲದ ತೊಟ್ಟಿಯಿದ್ದರೆ ಒಂದು ಹಿಡಿ ಕಲ್ಲೋ ಹಳೆಯ ಸ್ಪಂಜಿನ ತುಂಡೋ ಕೇಳಿ ತನ್ನಿ, ಒಣಗಲು ಬಿಡಬೇಡಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ; ಒಂದು ದಿನ ತೆರೆದ ಬಕೆಟ್ಟಿನಲ್ಲಿಟ್ಟು ಆಮೇಲೆ ತುಂಬಿ. ಸ್ಪಂಜಿನ ಫಿಲ್ಟರ್ ಓಡಲಿ. ಮೀನಿಲ್ಲದ ತೊಟ್ಟಿಗೇ ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಬರುವ ಅಮೋನಿಯಾವೇ ಬ್ಯಾಕ್ಟೀರಿಯಾಗಳ ಊಟ. ನಾಲ್ಕರಿಂದ ಆರು ವಾರ ಬೇಕು. ಚಳಿಗಾಲದಲ್ಲಿ ಇನ್ನೂ ತಡ. ಅಮೋನಿಯಾ, ನೈಟ್ರೈಟ್ ಅಳೆಯುವ ಹನಿಮದ್ದಿನ ಕಿಟ್ ಸಿಗುತ್ತದೆ. ಎರಡೂ ಸೊನ್ನೆಗೆ ಇಳಿದ ಮೇಲೆ ಎರಡೇ ಮೀನು ಬಿಡಿ, ಹತ್ತಲ್ಲ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ಕರೆಂಟು ಗಂಟೆಗಟ್ಟಲೆ ಹೋದರೆ ಮುಚ್ಚಿದ ಫಿಲ್ಟರಿನೊಳಗೆ ಬ್ಯಾಕ್ಟೀರಿಯಾಗಳೂ ಉಸಿರುಕಟ್ಟಿ ಸಾಯುತ್ತವೆ, ನೆನಪಿರಲಿ.

ಈ ಒಂದು ತಿಂಗಳು ಕಷ್ಟವಾಗುವುದು ದೊಡ್ಡವರಿಗೇ. ದುಡ್ಡು ಕೊಟ್ಟು ತಂದ ತೊಟ್ಟಿಯಲ್ಲಿ ನೀರು ಮಾತ್ರ ಇದ್ದರೆ ಬಂದವರೆಲ್ಲ ಕೇಳುತ್ತಾರೆ. ಹೊಳೆನರಸೀಪುರದಿಂದ ಬಂದ ಅವನ ಮಾವನೂ ಕೇಳಿದರಂತೆ. ಹುಡುಗ ಗ್ರಾಫ್ ಹಾಳೆ ತಂದು ತೋರಿಸಿದ. ಅಮೋನಿಯಾದ ಗೆರೆ ಹತ್ತೊಂಬತ್ತನೇ ದಿನ ಇಳಿಯತೊಡಗಿದೆ. ನೈಟ್ರೈಟ್‌ನದು ಇನ್ನೂ ಏರುತ್ತಿದೆ. ಈಗ ಆಹಾರದ ಚಿಟಿಕೆ ಹಾಕುವ ಕೆಲಸ ಅಜ್ಜಿಯದು.